ಜಪಾನಿನ ಪ್ರಾಥಮಿಕ ಶಾಲೆಗೆ ಇಂಗ್ಲಿಷ್ ಕಲಿಸಲು ಹೊರಟ ಕಲಬುರಗಿ ಕಡೆಯವರಿಗೆ

ಕಲಬುರಗಿ, ಬೀದರ್, ಯಾದಗಿರಿ ಜಿಲ್ಲೆಗಳಲ್ಲಿ ಬಿ.ಎಡ್. ಮುಗಿಸಿ ಖಾಸಗಿ ಶಾಲೆಗಳಲ್ಲಿ ಇಂಗ್ಲಿಷ್ ಪಾಠ ಮಾಡುತ್ತಿರುವ ಕಿರಿಯರು ಈಚೆಗೆ ನನ್ನನ್ನು ಕೇಳುವುದು ಎರಡೇ ಮಾತು: ಜಪಾನಿನಲ್ಲಿ ಚಿಕ್ಕ ಮಕ್ಕಳಿಗೆ ಇಂಗ್ಲಿಷ್ ಕಲಿಸುವ ಕೆಲಸಕ್ಕೆ ಹೋಗುವುದು ಹೇಗೆ, ಹೋದ ಮೇಲೆ ಅಲ್ಲಿನ ಶಾಲೆಯಲ್ಲಿ ದಿನ ಸಾಗಿಸುವುದು ಹೇಗೆ. ನಾನು ನಾಗಾನೊ ಪ್ರಾಂತ್ಯದ ಸಣ್ಣ ಊರಿನ ಎರಡು ಪ್ರಾಥಮಿಕ ಶಾಲೆಗಳಲ್ಲಿ ಮೂರು ವರ್ಷ ಸಹಾಯಕ ಭಾಷಾ ಶಿಕ್ಷಕಿಯಾಗಿದ್ದು ಕಲಬುರಗಿಗೆ ಮರಳಿದವಳು. ಫೋನಿನಲ್ಲಿ ತುಂಡುತುಂಡಾಗಿ ಹೇಳುತ್ತಿದ್ದುದನ್ನು ಇಲ್ಲಿ ಒಂದೆಡೆ ಬರೆದಿದ್ದೇನೆ.

ಮೊದಲಿಗೆ, ಹಲವರ ಉತ್ಸಾಹವನ್ನು ತಗ್ಗಿಸುವ ಒಂದು ನಿಯಮವನ್ನು ಹೇಳಿಬಿಡುವುದು ಒಳ್ಳೆಯದು. ಜಪಾನಿನ ಶಾಲೆಗಳಲ್ಲಿ ಅಲ್ಲಿನ ಶಿಕ್ಷಕರ ಪರವಾನಗಿ ಇಲ್ಲದೆ ಸಹಾಯಕರಾಗಿ ಭಾಷೆ ಕಲಿಸುವವರಿಗೆ ಕೊಡುವ ವೀಸಾ ವರ್ಗಕ್ಕೆ ಪದವಿಯೊಂದೇ ಸಾಲದು. ಕಲಿಸುವ ಭಾಷೆಯ ಮಾಧ್ಯಮದಲ್ಲಿಯೇ ನೀವು 12 ವರ್ಷ ಓದಿರಬೇಕು. ಒಂದನೆಯ ತರಗತಿಯಿಂದ ಇಂಗ್ಲಿಷ್ ಮಾಧ್ಯಮದಲ್ಲಿ ಓದಿದವರಿಗೆ ಪಿಯುಸಿ ಮುಗಿಯುವಾಗಲೇ ಈ ಲೆಕ್ಕ ತುಂಬುತ್ತದೆ. ಹತ್ತನೆಯ ತರಗತಿಯವರೆಗೆ ಕನ್ನಡ ಮಾಧ್ಯಮದಲ್ಲಿದ್ದು ಪಿಯುಸಿಯಿಂದ ಇಂಗ್ಲಿಷಿಗೆ ಬಂದವರು ಪದವಿ ಮತ್ತು ಬಿ.ಎಡ್. ವರ್ಷಗಳನ್ನು ಸೇರಿಸಿದರೂ ಏಳೆಂಟು ವರ್ಷಕ್ಕೆ ನಿಲ್ಲುತ್ತಾರೆ. ನಮ್ಮ ಭಾಗದಲ್ಲಿ ಸರ್ಕಾರಿ ನೌಕರಿಗೆಂದು 371-ಜೆ ಪ್ರಮಾಣಪತ್ರವನ್ನೂ ಕನ್ನಡ ಮಾಧ್ಯಮದ ಪ್ರಮಾಣಪತ್ರವನ್ನೂ ಜೋಪಾನವಾಗಿ ಕಡತದಲ್ಲಿಟ್ಟುಕೊಳ್ಳುವವರೇ ಹೆಚ್ಚು. ಇಲ್ಲಿ ಬೇಕಾಗುವುದು ಅದಕ್ಕೆ ತದ್ವಿರುದ್ಧವಾದ ಪತ್ರ. ಆದ್ದರಿಂದ ಯಾವ ಏಜೆಂಟರಿಗೂ ಹಣ ಕಟ್ಟುವ ಮೊದಲು ನೀವು ಓದಿದ ಪ್ರತಿಯೊಂದು ಶಾಲೆ ಮತ್ತು ಕಾಲೇಜಿನಿಂದ ವ್ಯಾಸಂಗ ಮಾಧ್ಯಮದ ಪ್ರಮಾಣಪತ್ರವನ್ನು ಬರೆಸಿಕೊಂಡು, ವರ್ಷಗಳನ್ನು ಬೆರಳು ಮಡಚಿ ಎಣಿಸಿ ನೋಡಿ.

ಕೆಲಸ ಸಿಗುವ ದಾರಿಗಳು ಮೂರು. 1987ರಲ್ಲಿ ಆರಂಭವಾದ ಜಪಾನ್ ಸರ್ಕಾರದ ‘ಜೆಟ್’ ಯೋಜನೆ ಒಂದು. ಅದರ ಕರಾರು ವರ್ಷಕ್ಕೊಮ್ಮೆ ನವೀಕರಣಗೊಳ್ಳುತ್ತ ಹೆಚ್ಚೆಂದರೆ ಐದು ವರ್ಷ ನಡೆಯುತ್ತದೆ. ಊರಿನ ಶಿಕ್ಷಣ ಮಂಡಳಿಯೇ ನೇರವಾಗಿ ನೇಮಿಸಿಕೊಳ್ಳುವುದು ಎರಡನೆಯದು. ಮೂರನೆಯದು, ಶಾಲೆಗಳಿಗೆ ಶಿಕ್ಷಕರನ್ನು ಒದಗಿಸುವ ಖಾಸಗಿ ಕಂಪನಿಗಳು. ಈ ಕಂಪನಿಗಳ ಕರಾರಿಗೆ ಸಹಿ ಹಾಕುವ ಮುನ್ನ ಆಗಸ್ಟ್ ತಿಂಗಳ ಸಂಬಳ ಎಷ್ಟೆಂದು ಕೇಳಿ ತಿಳಿದುಕೊಳ್ಳಿ, ಏಕೆಂದರೆ ಬೇಸಿಗೆ ರಜೆಯ ತಿಂಗಳಲ್ಲಿ ಕೆಲವರು ಸಂಬಳವನ್ನು ಕಡಿತ ಮಾಡುತ್ತಾರೆ. ನಾನು ಕೇಳಿರಲಿಲ್ಲ.

ಹೊರಡುವ ಮುನ್ನ ಕಲಿಯಬೇಕಾದ ಭಾಷೆ

ಇಂಗ್ಲಿಷ್ ಕಲಿಸಲು ಹೋಗುವವರಿಗೆ ಜಪಾನಿ ಭಾಷೆ ಬೇಡ ಎಂದು ಹಲವರು ಹೇಳುತ್ತಾರೆ. ತರಗತಿಯೊಳಗೆ ಆ ಮಾತು ಅರ್ಧ ನಿಜ, ತರಗತಿಯ ಹೊರಗೆ ಪೂರ್ತಿ ಸುಳ್ಳು. ಆರು ತಿಂಗಳು ಮೊದಲೇ ಹಿರಗನ ಮತ್ತು ಕತಕನ ಎಂಬ ಎರಡು ಅಕ್ಷರಮಾಲೆಗಳನ್ನು ಕಲಿತುಕೊಳ್ಳಿ. ಒಂದೊಂದರಲ್ಲಿ ಮೂಲಾಕ್ಷರಗಳು 46 ಮಾತ್ರ, ನಮ್ಮ ಕಾಗುಣಿತದ ಮುಂದೆ ಅದು ಏನೂ ಅಲ್ಲ. ವ್ಯಾಕರಣ ಇನ್ನೂ ಹತ್ತಿರ. ಕರ್ತೃ, ಕರ್ಮ, ಕೊನೆಗೆ ಕ್ರಿಯಾಪದ ಎಂಬ ಕ್ರಮವೂ, ನಾಮಪದದ ಕೊನೆಗೆ ಪ್ರತ್ಯಯ ಹಚ್ಚುವ ರೀತಿಯೂ, ಹಿರಿಯರಿಗೆ ಬೇರೆ ಕಿರಿಯರಿಗೆ ಬೇರೆ ಕ್ರಿಯಾರೂಪ ಬಳಸುವ ಪದ್ಧತಿಯೂ ಕನ್ನಡದವರಿಗೆ ಹೊಸದಾಗಿ ಕಾಣುವುದಿಲ್ಲ. ಅವನು ಬರುತ್ತಾನೆ ‘ಅಂತ’ ಹೇಳಿದ ಎನ್ನುವಾಗ ನಾವು ‘ಅಂತ’ ಇಡುವ ಜಾಗದಲ್ಲಿಯೇ ಅವರು ‘ತೊ’ ಇಡುತ್ತಾರೆ. ಪಾಠದ ಟಿಪ್ಪಣಿಯನ್ನು ರೋಮನ್ ಲಿಪಿಗಿಂತ ಕನ್ನಡ ಲಿಪಿಯಲ್ಲಿಯೇ ಬರೆದುಕೊಳ್ಳಿ, ಏಕೆಂದರೆ ಹ್ರಸ್ವ ದೀರ್ಘಗಳ ವ್ಯತ್ಯಾಸವನ್ನು ನಮ್ಮ ಲಿಪಿ ಚೊಕ್ಕವಾಗಿ ಹಿಡಿಯುತ್ತದೆ: ‘ಒಬಸನ್’ ಎಂದರೆ ಚಿಕ್ಕಮ್ಮ ಅಥವಾ ಅತ್ತೆ, ‘ಒಬಾಸನ್’ ಎಂದರೆ ಅಜ್ಜಿ. ನಡುವಯಸ್ಸಿನ ಮುಖ್ಯಶಿಕ್ಷಕಿಯ ಎದುರು ಈ ದೀರ್ಘವನ್ನು ತಪ್ಪಿ ಎಳೆದರೆ ಏನಾಗುತ್ತದೆಂದು ನಾನು ಬಿಡಿಸಿ ಹೇಳಬೇಕಾಗಿಲ್ಲ.

ಸಾಮಾನಿನಲ್ಲಿ ಹಾಕಿಕೊಳ್ಳಬೇಕಾದುದು ಕಡಿಮೆ. ಶಾಲೆಯ ಒಳಗೆ ಮಾತ್ರ ತೊಡುವ ಒಂದು ಜೊತೆ ಹಗುರವಾದ ಶೂ, ನಿಮ್ಮ ಊರಿನ ದೊಡ್ಡ ಅಳತೆಯ ಹದಿನೈದಿಪ್ಪತ್ತು ಫೋಟೊಗಳು, ಸಣ್ಣದೊಂದು ಬಿದರಿ ಡಬ್ಬಿ, ಐದಾರು ನಾಣ್ಯಗಳು, ಜೋಳದ ತೆನೆಯ ಮತ್ತು ತೊಗರಿ ಹೊಲದ ಚಿತ್ರ. ಹಸಿ ಕರಿಬೇವು, ಮಾವಿನಕಾಯಿಗಳನ್ನು ಒಯ್ಯಬೇಡಿ. ಸಸ್ಯಗಳ ತಪಾಸಣೆಯ ಪ್ರಮಾಣಪತ್ರವಿಲ್ಲದಿದ್ದರೆ ವಿಮಾನ ನಿಲ್ದಾಣದಲ್ಲಿಯೇ ಕಸಿದುಕೊಳ್ಳುತ್ತಾರೆ.

ಶಾಲೆಯ ಬಾಗಿಲಿನಿಂದ ಸಿಬ್ಬಂದಿ ಕೊಠಡಿಯವರೆಗೆ

ಜಪಾನಿನ ಪ್ರಾಥಮಿಕ ಶಾಲೆ ಆರು ವರ್ಷದ್ದು, ವರ್ಷ ಆರಂಭವಾಗುವುದು ಏಪ್ರಿಲ್‌ನಲ್ಲಿ. ಬಾಗಿಲಿನಲ್ಲಿಯೇ ಸಾಲಾಗಿ ಗೂಡುಗಳಿರುತ್ತವೆ. ಹೊರಗಿನ ಶೂಗಳನ್ನು ಅಲ್ಲಿಟ್ಟು ‘ಉವಬಕಿ’ ಎನ್ನುವ ಒಳಗಿನ ಶೂಗಳನ್ನು ತೊಡಬೇಕು. ಮನೆಯೊಳಗೆ ಚಪ್ಪಲಿ ತರದ ನಮಗೆ ಇದು ಸಹಜವೇ, ಆದರೆ ಆಟದ ಮೈದಾನಕ್ಕೂ ಶೌಚಾಲಯಕ್ಕೂ ಮತ್ತೆ ಬೇರೆ ಬೇರೆ ಪಾದರಕ್ಷೆಗಳೆಂಬುದನ್ನು ಮರೆಯಬಾರದು.

ಸಿಬ್ಬಂದಿ ಕೊಠಡಿಗೆ ಕಾಲಿಡುವಾಗ ಎಲ್ಲರಿಗೂ ಕೇಳಿಸುವಂತೆ ‘ಒಹಯೋ ಗೊಝೈಮಸ್’ ಎನ್ನಬೇಕು. ಬೆಳಗಿನ ಕಿರುಸಭೆಯಲ್ಲಿ ಅಂದಿನ ಬದಲಾವಣೆಗಳನ್ನು ವೇಗವಾಗಿ ಓದಿಬಿಡುತ್ತಾರೆ; ಅರ್ಥವಾಗದಿದ್ದರೆ ಸಭೆ ಮುಗಿದ ಕೂಡಲೇ ಉಪಮುಖ್ಯ ಶಿಕ್ಷಕರನ್ನು, ಎಂದರೆ ‘ಕ್ಯೋತೋ ಸೆನ್ಸೇ’ಯವರನ್ನು ಕೇಳಿ. ಶಾಲೆಯ ಸಂಸಾರ ನಡೆಸುವವರು ಅವರೇ. ಮುಖ್ಯಶಿಕ್ಷಕರು, ‘ಕೋಚೋ ಸೆನ್ಸೇ’, ಮನೆಯ ಯಜಮಾನರಂತೆ. ಸಂಜೆ ಉಳಿದವರಿಗಿಂತ ಮೊದಲೇ ಹೊರಡುವಾಗ ‘ಒಸಕಿ ನಿ ಶಿತ್ಸುರೇ ಶಿಮಸ್’, ‘ನಿಮಗಿಂತ ಮುಂಚೆ ಹೊರಡುತ್ತಿದ್ದೇನೆ, ಮನ್ನಿಸಿ’ ಎನ್ನಬೇಕು. ನಿಮ್ಮ ಕರಾರಿನ ಸಮಯ ಮುಗಿದಿದ್ದರೂ ಈ ಮಾತನ್ನು ಬಿಡಬೇಡಿ, ಏಕೆಂದರೆ ಉಳಿದವರ ಕೆಲಸ ಕತ್ತಲಾದರೂ ಮುಗಿದಿರುವುದಿಲ್ಲ.

ನಿಮ್ಮ ನಿಜವಾದ ಜೊತೆಗಾರ ಪ್ರತಿ ತರಗತಿಯ ‘ತನ್ನಿನ್’, ಎಂದರೆ ತರಗತಿ ಶಿಕ್ಷಕ. ಗಣಿತ, ಭಾಷೆ, ವಿಜ್ಞಾನದಿಂದ ಹಿಡಿದು ವ್ಯಾಯಾಮದವರೆಗೆ ಬಹುತೇಕ ಎಲ್ಲವನ್ನೂ ಒಬ್ಬರೇ ಕಲಿಸುವ ಈ ಶಿಕ್ಷಕರಿಗೆ ಇಂಗ್ಲಿಷ್ ಅನೇಕ ಸಲ ಭಯದ ವಿಷಯ. ಪಾಠದ ಹೊಣೆ ಕಾಗದದ ಮೇಲೂ ವಾಸ್ತವದಲ್ಲೂ ಅವರದು, ನೀವು ಸಹಾಯಕರು. ನಮ್ಮ ಕಡೆಯಿಂದ ಹೋದವರು ಮಾಡುವ ಮೊದಲ ತಪ್ಪು ಇಲ್ಲಿಯೇ ಆಗುತ್ತದೆ. ಕಲಬುರಗಿಯ ಶಾಲೆಯಲ್ಲಿ ಬಾಗಿಲು ದಾಟಿದ ಕ್ಷಣದಿಂದ ತರಗತಿಗೆ ನಾವೇ ಒಡೆಯರಾಗಿರುತ್ತೇವೆ. ಅಲ್ಲಿ ಹಾಗೆ ನಡೆದುಕೊಂಡರೆ ತರಗತಿ ಶಿಕ್ಷಕರು ವಿನಯದಿಂದ ಹಿಂದಿನ ಗೋಡೆಗೆ ಸರಿದು ನಿಲ್ಲುತ್ತಾರೆ, ಮಕ್ಕಳು ಅದನ್ನು ನೋಡಿ ಇಂಗ್ಲಿಷ್ ಎಂಬುದು ವಿದೇಶಿಯರ ಕೆಲಸ, ನಮ್ಮ ಸೆನ್ಸೇಗೂ ಬೇಡವಾದದ್ದು ಎಂದು ತಿಳಿಯುತ್ತಾರೆ. ಅವರನ್ನು ಮುಂದಕ್ಕೆ ಕರೆತಂದು ಇಬ್ಬರೂ ಸೇರಿ ಎರಡು ವಾಕ್ಯದ ಸಂಭಾಷಣೆ ಆಡಿದರೆ, ತಮ್ಮ ಶಿಕ್ಷಕರು ತಡವರಿಸುತ್ತಲಾದರೂ ಇಂಗ್ಲಿಷ್ ಮಾತನಾಡುವುದನ್ನು ಕಂಡ ಮಕ್ಕಳ ನಾಲಿಗೆ ಸಡಿಲವಾಗುತ್ತದೆ. ಮೂರು ವರ್ಷದಲ್ಲಿ ನಾನು ಮಾಡಿದ ಉಪಯುಕ್ತ ಕೆಲಸ ಯಾವುದೆಂದು ಯಾರಾದರೂ ಕೇಳಿದರೆ, ತಡವರಿಸುವುದಕ್ಕೆ ಹೆದರದಂತೆ ಐದಾರು ಮಂದಿ ತರಗತಿ ಶಿಕ್ಷಕರನ್ನು ಒಪ್ಪಿಸಿದ್ದು ಎನ್ನುತ್ತೇನೆ.

ಅವರೊಂದಿಗೆ ಕುಳಿತು ಪಾಠ ಯೋಜಿಸಲು ಅರ್ಧ ಗಂಟೆ ಸಿಗುತ್ತದೆಂದು ನಿರೀಕ್ಷಿಸಬೇಡಿ. ಹಿಂದಿನ ದಿನವೇ ಒಂದು ಹಾಳೆಯಲ್ಲಿ ಪಾಠದ ಹಂತಗಳು, ಪ್ರತಿ ಹಂತಕ್ಕೆ ನಿಮಿಷ, ಅವರ ಕೆಲಸ ಏನು, ನಿಮ್ಮ ಕೆಲಸ ಏನು ಎಂಬುದನ್ನು ಸರಳ ಜಪಾನಿಯಲ್ಲಿ ಬರೆದು ಅವರ ಮೇಜಿನ ಮೇಲಿಡಿ. ಮರುದಿನ ಪಡಸಾಲೆಯಲ್ಲಿ ನಡೆಯುತ್ತ ಎರಡು ನಿಮಿಷ ಮಾತನಾಡಿದರೆ ಸಾಕು.

45 ನಿಮಿಷದ ಅವಧಿ

ಕರ್ನಾಟಕದ ಸರ್ಕಾರಿ ಶಾಲೆಗಳಲ್ಲಿ 2007-08ರಿಂದ ಒಂದನೆಯ ತರಗತಿಗೇ ಇಂಗ್ಲಿಷ್ ಬಂದಿದೆ. ಜಪಾನಿನಲ್ಲಿ ಅದು ತಡವಾಗಿ, ಎಚ್ಚರಿಕೆಯಿಂದ ಬಂದ ವಿಷಯ. 2011ರಲ್ಲಿ ಐದು ಮತ್ತು ಆರನೆಯ ತರಗತಿಗಳಿಗೆ ‘ವಿದೇಶಿ ಭಾಷೆಯ ಚಟುವಟಿಕೆ’ ಎಂಬ ಹೆಸರಿನಲ್ಲಿ ಕಡ್ಡಾಯವಾಯಿತು. 2020ರಿಂದ ಆ ಚಟುವಟಿಕೆ ಮೂರು, ನಾಲ್ಕನೆಯ ತರಗತಿಗಳಿಗೆ ಇಳಿದು ವರ್ಷಕ್ಕೆ 35 ಅವಧಿಗಳಾದವು. ಐದು, ಆರನೆಯ ತರಗತಿಗಳಲ್ಲಿ ಅದು ಮೌಲ್ಯಮಾಪನವುಳ್ಳ ಪೂರ್ಣ ವಿಷಯವಾಗಿ 70 ಅವಧಿಗಳಿಗೆ ಏರಿತು. ಎಂದರೆ ಚಿಕ್ಕವರಿಗೆ ವಾರಕ್ಕೆ ಒಂದು, ದೊಡ್ಡವರಿಗೆ ವಾರಕ್ಕೆ ಎರಡು ಅವಧಿ. ಪ್ರಾಥಮಿಕ ಶಾಲೆ ಮುಗಿಯುವ ಹೊತ್ತಿಗೆ ಮಗುವಿಗೆ ಪರಿಚಯವಾಗಬೇಕಾದ ಪದಗಳು 600ರಿಂದ 700. ಈ ಅಂಕಿಗಳನ್ನು ಮನಸ್ಸಿನಲ್ಲಿಟ್ಟುಕೊಂಡರೆ ನಮ್ಮ ಶಾಲೆಗಳ ಅವಸರ ನಿಮ್ಮನ್ನು ಬಿಟ್ಟುಹೋಗುತ್ತದೆ. ಮೂರನೆಯ ತರಗತಿಯಲ್ಲಿ ಸ್ಪೆಲಿಂಗ್ ಉಕ್ತಲೇಖನ ಬರೆಸುವಂತಿಲ್ಲ. ಆ ವಯಸ್ಸಿಗೆ ಕೇಳುವುದು, ಹೇಳುವುದು, ಆಡುವುದು ಮಾತ್ರ.

ಅವಧಿ ಆರಂಭವಾಗುವಾಗ ಅಂದಿನ ಸರದಿಯ ಮಗು ಎದ್ದು ಎಲ್ಲರನ್ನೂ ನಿಲ್ಲಿಸಿ ವಂದನೆ ಹೇಳಿಸುತ್ತದೆ. ಅನಂತರ ಬೋರ್ಡಿನ ಮೇಲೆ ‘ಮೆಆತೆ’ ಬರೆಯಬೇಕು, ಎಂದರೆ ಇಂದಿನ ಅವಧಿಯಲ್ಲಿ ಏನನ್ನು ಸಾಧಿಸುತ್ತೇವೆ ಎಂಬ ಒಂದೇ ವಾಕ್ಯ. ಅದನ್ನು ತರಗತಿ ಶಿಕ್ಷಕರು ಜಪಾನಿಯಲ್ಲಿ ಬರೆಯಲಿ. ಉದಾಹರಣೆಗೆ ಮೂರನೆಯ ತರಗತಿಗೆ, ‘ಗೆಳೆಯರಿಗೆ ಯಾವ ಹಣ್ಣು ಇಷ್ಟವೆಂದು ಕೇಳಿ ತಿಳಿಯೋಣ’.

ಮೊದಲ ಹತ್ತು ನಿಮಿಷ ಪದಗಳ ಪರಿಚಯಕ್ಕೆ. ಚಿತ್ರದ ಕಾರ್ಡುಗಳ ಹಿಂದೆ ಆಯಸ್ಕಾಂತದ ಬಿಲ್ಲೆ ಅಂಟಿಸಿಟ್ಟರೆ ಬೋರ್ಡಿಗೆ ನೇರವಾಗಿ ಕಚ್ಚಿಕೊಳ್ಳುತ್ತವೆ. ಆಮೇಲೆ ಆಟ. ಹೆಚ್ಚು ಉಪಯೋಗಕ್ಕೆ ಬರುವುದು ಅಳಿಸುವ ರಬ್ಬರಿನ ಆಟ: ಇಬ್ಬಿಬ್ಬರು ಮಕ್ಕಳು ಎದುರುಬದುರಾಗಿ ಕುಳಿತು ನಡುವೆ ಒಂದು ರಬ್ಬರ್ ಇಡುತ್ತಾರೆ, ನೀವು ಹೇಳಿದ ಪ್ರತಿ ಪದವನ್ನೂ ಅವರು ಮರಳಿ ಹೇಳಬೇಕು, ಮೊದಲೇ ಗೊತ್ತುಮಾಡಿದ ಒಂದು ಪದ ಬಂದಾಗ ಮಾತ್ರ ರಬ್ಬರನ್ನು ಕಸಿದುಕೊಳ್ಳಬೇಕು. ಒಂದೇ ಪದವನ್ನು ಮೂವತ್ತು ಸಲ ಹೇಳಿಸಿದರೂ ಯಾರಿಗೂ ಬೇಸರ ಬರುವುದಿಲ್ಲ. ಕಲಬುರಗಿಗೆ ಬಂದ ಮೇಲೆ ಇದನ್ನು ಇಲ್ಲಿನ ಸರ್ಕಾರಿ ಶಾಲೆಯೊಂದರಲ್ಲಿ ಆಡಿಸಿದಾಗ ರಬ್ಬರಿನ ಬದಲು ಹುಣಸೆಬೀಜ ಇಟ್ಟೆವು, ಆಟ ಅಷ್ಟೇ ಚೆನ್ನಾಗಿ ನಡೆಯಿತು. ಆಟದಲ್ಲಿ ಯಾರು ಮೊದಲು, ಉಳಿದ ಒಂದು ಕಾರ್ಡು ಯಾರಿಗೆ ಎಂಬ ಎಲ್ಲ ತಗಾದೆಗಳನ್ನೂ ಮಕ್ಕಳು ‘ಜನ್‌ಕೆನ್’ ಆಡಿ, ಎಂದರೆ ಕಲ್ಲು, ಕತ್ತರಿ, ಕಾಗದದ ಕೈಸನ್ನೆಯಿಂದ, ತಾವೇ ಬಗೆಹರಿಸಿಕೊಳ್ಳುತ್ತಾರೆ. ಆ ತೀರ್ಪಿಗೆ ಮೇಲ್ಮನವಿ ಇಲ್ಲ. ಅದರ ಹಾಡನ್ನು ಮೊದಲ ವಾರದಲ್ಲಿಯೇ ಬಾಯಿಪಾಠ ಮಾಡಿಕೊಳ್ಳಿ.

ಅವಧಿಯ ತಿರುಳು ಇರುವುದು ಮುಂದಿನ ಇಪ್ಪತ್ತು ನಿಮಿಷಗಳಲ್ಲಿ: ಮಕ್ಕಳು ಎದ್ದು ಓಡಾಡುತ್ತ ಒಬ್ಬರನ್ನೊಬ್ಬರು ‘ಡೂ ಯು ಲೈಕ್ ಗ್ರೇಪ್ಸ್?’ ಎಂದು ಕೇಳಿ ಹಾಳೆಯ ಮೇಲೆ ಗುರುತು ಹಾಕಿಕೊಳ್ಳುವ ಭಾಗ. ಇಲ್ಲಿ ನಮ್ಮವರು ಒಂದು ವ್ಯತ್ಯಾಸವನ್ನು ಗಮನಿಸಬೇಕು. ನಮ್ಮ ಶಾಲೆಗಳಲ್ಲಿ ಪ್ರಶ್ನೆ ಕೇಳಿದ ಕೂಡಲೇ ಉತ್ತರ ಗೊತ್ತಿದ್ದವರೂ ಇಲ್ಲದವರೂ ‘ಟೀಚರ್ರೀ, ನಾ ಹೇಳ್ತೀನ್ರೀ’ ಎಂದು ಬೆಂಚಿನ ಮೇಲೆ ಏಳುತ್ತಾರೆ. ಅಲ್ಲಿನ ಐದನೆಯ ತರಗತಿಯಲ್ಲಿ ಹಠಾತ್ತನೆ ಒಬ್ಬ ಮಗುವನ್ನು ನಿಲ್ಲಿಸಿ ಕೇಳಿದರೆ ಮೌನ ಕವಿಯುತ್ತದೆ. ಅದು ಅಜ್ಞಾನವಲ್ಲ, ಮೂವತ್ತು ಜನರೆದುರು ತಪ್ಪುವ ಅಂಜಿಕೆ. ಮೊದಲು ಎಲ್ಲರೂ ಒಟ್ಟಾಗಿ ಹೇಳಲಿ, ಆಮೇಲೆ ಪಕ್ಕದವರೊಂದಿಗೆ, ಆಮೇಲೆ ನಾಲ್ವರ ಗುಂಪಿನಲ್ಲಿ; ಒಬ್ಬರೇ ಎದ್ದು ಹೇಳುವ ಸರದಿ ಕೊನೆಗೆ ಬರಲಿ, ಅದೂ ತಾವಾಗಿ ಕೈ ಎತ್ತಿದವರಿಗೆ. ಮೌನವನ್ನು ತುಂಬಲು ನೀವೇ ಉತ್ತರ ಹೇಳಿಬಿಡಬೇಡಿ. ಹತ್ತು ಸೆಕೆಂಡು ಕಾಯುವುದು ನಮಗೆ ಹತ್ತು ನಿಮಿಷ ಅನಿಸುತ್ತದೆ, ಆದರೂ ಕಾಯಿರಿ.

ಕೊನೆಯ ಐದು ನಿಮಿಷ ‘ಫುರಿಕಎರಿ’ಗೆ. ಇಂದು ಏನು ಕಲಿತೆ, ಏನು ಕಷ್ಟವಾಯಿತು ಎಂದು ಮಕ್ಕಳು ಒಂದು ಚೀಟಿಯಲ್ಲಿಯೋ ಟ್ಯಾಬ್ಲೆಟ್‌ನಲ್ಲಿಯೋ ಬರೆಯುತ್ತಾರೆ. ಈ ಚೀಟಿಗಳನ್ನು ಓದಲು ಕಲಿತ ದಿನದಿಂದ ನನ್ನ ಪಾಠ ಸುಧಾರಿಸಿತು. ನಾನು ಅತ್ಯುತ್ತಮವೆಂದುಕೊಂಡಿದ್ದ ಅವಧಿಯ ಬಗ್ಗೆ ಒಂದು ಮಗು ‘ಸೆನ್ಸೇ ತುಂಬ ಮಾತನಾಡಿದರು’ ಎಂದಷ್ಟೇ ಬರೆದಿತ್ತು.

ನಿಮ್ಮ ಪರಿಚಯದ ಮೊದಲ ಅವಧಿಯಲ್ಲಿ ಭಾರತದ ಪ್ರದರ್ಶನ ಏರ್ಪಡಿಸಬೇಡಿ. ಆನೆ, ತಾಜ್ ಮಹಲು, ದಿನವೂ ಕರ್ರಿ ತಿನ್ನುತ್ತೀರಾ, ಎರಡಂಕಿಯ ಗುಣಾಕಾರವನ್ನು ಬಾಯಲ್ಲೇ ಮಾಡುತ್ತೀರಾ ಎಂಬ ಪ್ರಶ್ನೆಗಳು ಹೇಗೂ ಬರುತ್ತವೆ. ಜಪಾನಿನ ಮಕ್ಕಳು ಎರಡನೆಯ ತರಗತಿಯಲ್ಲಿ ಒಂಬತ್ತರವರೆಗಿನ ಮಗ್ಗಿ ಕಲಿಯುತ್ತಾರೆ. ಭಾರತೀಯರಿಗೆಲ್ಲ ಹತ್ತೊಂಬತ್ತರ ಮಗ್ಗಿ ಬರುತ್ತದೆಂಬ ನಂಬಿಕೆ ಅಲ್ಲಿ ಗಟ್ಟಿಯಾಗಿದೆ, ಆದ್ದರಿಂದ ಹೊರಡುವ ಮುನ್ನ ಹದಿನೇಳರ ಮಗ್ಗಿಯನ್ನು ಒಮ್ಮೆ ತಿರುವಿಹಾಕಿ. ಜೋಳದ ಹೊಲ, ಕಲಬುರಗಿ ಕೋಟೆ, ಬೀದರಿನಲ್ಲಿ 1472ರ ಸುಮಾರಿಗೆ ಕಟ್ಟಿದ ಗವಾನ್ ಮದರಸಾ ಇವುಗಳ ಚಿತ್ರ ತೋರಿಸಿ ‘ಐ ಲೈಕ್’, ‘ಐ ಡೋಂಟ್ ಲೈಕ್’ ಎಂಬಷ್ಟೇ ವಾಕ್ಯದಲ್ಲಿ ಮಾತನಾಡಿ. ಅವಧಿಯ ಕೊನೆಯಲ್ಲಿ ಪ್ರತಿ ಮಗುವಿನ ಹೆಸರನ್ನು ಕನ್ನಡ ಅಕ್ಷರದಲ್ಲಿ ಬರೆದು ಕೊಟ್ಟರೆ, ಆ ಚೀಟಿ ವರ್ಷವಿಡೀ ಪೆನ್ಸಿಲ್ ಡಬ್ಬಿಯಲ್ಲಿರುತ್ತದೆ. ಕಪ್ಪು ಅಥವಾ ನೀಲಿ ಶಾಯಿಯಲ್ಲಿ ಬರೆಯಿರಿ; ಹೆಸರನ್ನು ಕೆಂಪಿನಲ್ಲಿ ಬರೆಯುವುದು ಅಲ್ಲಿ ಅಶುಭ.

ಉಚ್ಚಾರಣೆ: ನಮಗೆ ಗೊತ್ತಿರುವ ರೋಗವೇ

ಜಪಾನಿ ಭಾಷೆಯ ಪದಗಳು ಸ್ವರದಲ್ಲಿಯೋ ಅನುನಾಸಿಕದಲ್ಲಿಯೋ ಮುಗಿಯುತ್ತವೆ, ಒತ್ತಕ್ಷರಗಳು ಬಹಳ ಕಡಿಮೆ. ಆದ್ದರಿಂದ ಮಿಲ್ಕ್ ಎಂಬುದು ‘ಮಿರುಕು’, ಬಸ್ ಎಂಬುದು ‘ಬಸು’, ಮೆಕ್‌ಡೊನಾಲ್ಡ್ಸ್ ಎಂಬುದು ‘ಮಕುದೊನರುದೊ’ ಆಗುತ್ತದೆ. ಇಂಗ್ಲೆಂಡಿನಿಂದಲೋ ಅಮೆರಿಕದಿಂದಲೋ ಬಂದ ಸಹಾಯಕರಿಗೆ ಇದು ವಿಚಿತ್ರವಾಗಿ ಕೇಳಿಸುತ್ತದೆ. ಬಸ್ಸು, ಕಾರು, ಪೆನ್ನು, ಬ್ಯಾಂಕು ಎಂದು ಕೊನೆಗೆ ‘ಉ’ ಹಚ್ಚುತ್ತ ಬೆಳೆದ, ಸ್ಕೂಲಿಗೆ ‘ಇಸ್ಕೂಲ್’ ಎನ್ನುವ ಅಜ್ಜಿಯರನ್ನು ಕಂಡ ನಮಗೆ ಹಾಗಲ್ಲ. ಈ ರೋಗದ ಮದ್ದು ನಮಗೆ ಗೊತ್ತಿರುವುದರಿಂದಲೇ ಕಲಿಸುವುದು ಸುಲಭ. ಪದದ ಕೊನೆಯ ವ್ಯಂಜನದಲ್ಲಿ ಗಾಳಿಯನ್ನು ಹಿಡಿದು ನಿಲ್ಲಿಸಲು, ‘ಕ್ಯಾಟ್’ ಎಂದಕೂಡಲೇ ಅಂಗೈ ಮುಚ್ಚುವ ಸನ್ನೆ ಮಾಡಿಸಿ. ‘ಕ್ಯಾಟ್ಟೊ’ ಎನ್ನುವವರ ಕೈ ತೆರೆದೇ ಇರುತ್ತದೆ, ಮಗುವಿಗೆ ತನ್ನ ತಪ್ಪು ತನಗೇ ಕಾಣಿಸುತ್ತದೆ.

ಇಂಗ್ಲಿಷಿನ ‘ಲ’ ಮತ್ತು ‘ರ’ ಅವರಿಗೆ ಒಂದೇ ಧ್ವನಿ. ನಾಲಿಗೆಯ ತುದಿ ಹಲ್ಲಿನ ಹಿಂದೆ ಅಂಟಿದರೆ ‘ಲ’, ಎಲ್ಲಿಯೂ ತಾಗದೆ ಹಿಂದಕ್ಕೆ ಸರಿದರೆ ‘ರ’ ಎಂದು ಕನ್ನಡಿ ಹಿಡಿದು ತೋರಿಸಿ, ಆದರೆ ಒಂದು ಅವಧಿಯಲ್ಲಿ ಐದು ನಿಮಿಷಕ್ಕಿಂತ ಹೆಚ್ಚು ಅದರ ಬೆನ್ನು ಹತ್ತಬೇಡಿ. ‘ಸಿ’ ಎಂಬುದು ‘ಶಿ’ ಆಗುವುದರಿಂದ ‘ಸಿಟ್ ಡೌನ್’ ಎಂಬ ಆದೇಶವನ್ನು ಮಕ್ಕಳಿಂದ ಸಾಮೂಹಿಕವಾಗಿ ಹೇಳಿಸದಿರುವುದೇ ಲೇಸು, ವಿಶೇಷವಾಗಿ ಪೋಷಕರು ಪಾಠ ನೋಡಲು ಬರುವ ದಿನ.

ನಮ್ಮ ತಪ್ಪುಗಳನ್ನೂ ತಿದ್ದಿಕೊಳ್ಳಬೇಕು. ಕನ್ನಡದಲ್ಲಿ ‘ವ’ ಒಂದೇ ಇರುವುದರಿಂದ ‘ವೆಸ್ಟ್’ ಎಂದಾಗ ದಿಕ್ಕೋ ಒಳ ಅಂಗಿಯೋ ತಿಳಿಯದು. ಒಂದಕ್ಕೆ ತುಟಿ ದುಂಡಗಾಗಬೇಕು, ಇನ್ನೊಂದಕ್ಕೆ ಮೇಲಿನ ಹಲ್ಲು ಕೆಳತುಟಿಗೆ ತಾಗಬೇಕು. ಜಪಾನಿಯಂತೆ ಕನ್ನಡವೂ ಪ್ರತಿ ಅಕ್ಷರಕ್ಕೆ ಹೆಚ್ಚುಕಡಿಮೆ ಸಮನಾದ ತೂಕ ಕೊಡುವ ಭಾಷೆಯಾದುದರಿಂದ, ‘ಬನಾನ’ದ ನಡುವಿನ ಅಕ್ಷರವನ್ನು ಒತ್ತಿ ಉಳಿದವನ್ನು ತೇಲಿಸುವುದನ್ನು ನಾನು ಮೊಬೈಲಿನಲ್ಲಿ ನನ್ನದೇ ದನಿಯನ್ನು ದಾಖಲಿಸಿಕೊಂಡು ಅಭ್ಯಾಸ ಮಾಡಬೇಕಾಯಿತು. ತರಗತಿಯಲ್ಲಿ ಒತ್ತುವ ಅಕ್ಷರಕ್ಕೆ ಚಪ್ಪಾಳೆ ತಟ್ಟಿಸಿದರೆ ಮಕ್ಕಳಿಗೆ ಬೇಗ ಬರುತ್ತದೆ.

ಜಪಾನಿಯೊಳಗೆ ಬೆರೆತ ಇಂಗ್ಲಿಷ್ ಪದಗಳು ದಾರಿ ತಪ್ಪಿಸುತ್ತವೆ. ‘ಕನ್ನಿಂಗು’ ಎಂದರೆ ಪರೀಕ್ಷೆಯಲ್ಲಿ ನಕಲು ಹೊಡೆಯುವುದು, ‘ಮನ್ಶೊನ್’ ಎಂದರೆ ಬಂಗಲೆಯಲ್ಲ, ಅಪಾರ್ಟ್‌ಮೆಂಟಿನ ಮನೆ. ‘ಶೂಕುರೀಮು’ ಬೂಟಿಗೆ ಹಚ್ಚುವುದಲ್ಲ, ತಿನ್ನುವ ಸಿಹಿ. ಊಟ ಮಾಡುವ ಖಾನಾವಳಿಗೆ ಹೋಟೆಲ್ ಎನ್ನುವ ನಾವು ಇದಕ್ಕೆ ನಗಬಾರದು.

ನಾಲ್ಕು ಗೆರೆ ಮತ್ತು ಕೆಂಪು ಪೆನ್ನು

ದೊಡ್ಡ ಅಕ್ಷರಗಳು ಮೂರನೆಯ ತರಗತಿಯಲ್ಲಿ, ಸಣ್ಣ ಅಕ್ಷರಗಳು ನಾಲ್ಕರಲ್ಲಿ ಪರಿಚಯವಾಗುತ್ತವೆ. ಐದರಿಂದ ವಾಕ್ಯಗಳನ್ನು ನೋಡಿ ಬರೆಯುವುದು ಆರಂಭ. ನಾಲ್ಕು ಗೆರೆಯ ಕಾಪಿ ಅಲ್ಲಿಯೂ ನಮ್ಮದರಂತೆಯೇ ಇರುತ್ತದೆ. ಒಂದು ತೊಡಕನ್ನು ಮಾತ್ರ ಮೊದಲೇ ತಿಳಿದಿರಿ: ಮಕ್ಕಳು ಮೂರನೆಯ ತರಗತಿಯ ಜಪಾನಿ ಪಾಠದಲ್ಲಿ ರೋಮನ್ ಅಕ್ಷರ ಕಲಿಯುವಾಗ ಬಳಕೆಯಲ್ಲಿದ್ದ ಒಂದು ಪದ್ಧತಿಯಲ್ಲಿ ‘ಟಿ’ ಮತ್ತು ‘ಐ’ ಸೇರಿದರೆ ‘ಚಿ’, ‘ಟಿ’ ಮತ್ತು ‘ಯು’ ಸೇರಿದರೆ ‘ತ್ಸು’. ಇಂಗ್ಲಿಷ್ ಪದವನ್ನು ಮಗು ಹಾಗೆ ಓದಿದಾಗ ಅದು ಕಲಿತದ್ದನ್ನೇ ಓದುತ್ತಿದೆ ಎಂದು ತಿಳಿಯಿರಿ.

ಇನ್ನು ತಿದ್ದುವ ವಿಚಾರ. ನನ್ನ ಎರಡನೆಯ ವಾರದಲ್ಲಿ ಆರನೆಯ ತರಗತಿಯ ಹಾಳೆಗಳನ್ನು ತಿದ್ದಿ, ಸರಿಯುತ್ತರಕ್ಕೆಲ್ಲ ಕೆಂಪು ಪೆನ್ನಿನಲ್ಲಿ ದೊಡ್ಡದಾಗಿ ರೈಟ್ ಗುರುತು ಹಾಕಿ ಹಂಚಿದೆ. ಮಕ್ಕಳ ಮುಖ ಇಳಿಯಿತು. ಒಬ್ಬ ಹುಡುಗಿ ಹಾಳೆಯನ್ನು ಮಡಚಿ ಒಳಗಿಟ್ಟಳು. ಜಪಾನಿನಲ್ಲಿ ಸರಿಯುತ್ತರಕ್ಕೆ ಹಾಕುವುದು ‘ಮರು’, ಎಂದರೆ ದುಂಡು. ನಮ್ಮ ರೈಟ್ ಗುರುತು ಅಲ್ಲಿ ತಪ್ಪಿನ ಗುರುತು. ನಮ್ಮಲ್ಲಿ ಸೊನ್ನೆ ಸುತ್ತಿದರೆ ಮನೆಯಲ್ಲಿ ಬೈಗುಳ ಬೀಳುತ್ತದೆ, ಅಲ್ಲಿ ಅದೇ ಶಹಬ್ಬಾಸ್‌ಗಿರಿ. ಬಹಳ ಚೆನ್ನಾಗಿ ಬರೆದವರಿಗೆ ದುಂಡಿನ ಸುತ್ತ ಹೂವಿನ ಎಸಳು ಬರೆದು ‘ಹನಮರು’ ಕೊಡಿ, ಆರನೆಯ ತರಗತಿಯ ಎತ್ತರದ ಹುಡುಗರೂ ಅದಕ್ಕಾಗಿ ಕಾಯುತ್ತಾರೆ. ಹತ್ತಿರ ಕರೆಯುವ ಸನ್ನೆಯಲ್ಲಿ ಅಂಗೈ ನಮ್ಮಲ್ಲಿಯಂತೆ ಕೆಳಗೇ ಇರಲಿ. ‘ನಾನು’ ಎನ್ನಲು ಮಕ್ಕಳು ಎದೆಯ ಬದಲು ಮೂಗಿನತ್ತ ಬೆರಳು ತೋರುತ್ತಾರೆ, ಮೂಗಿಗೆ ಏನಾಯಿತೆಂದು ಕೇಳಬೇಡಿ.

ಊಟ, ಕಸಬರಿಗೆ ಮತ್ತಿತರ

2002ರಲ್ಲಿ ನಮ್ಮ ಈ ಭಾಗದ ಜಿಲ್ಲೆಗಳಿಂದಲೇ ಆರಂಭವಾದ ಅಕ್ಷರ ದಾಸೋಹವನ್ನು ನೋಡಿದವರಿಗೆ ಜಪಾನಿನ ಶಾಲಾ ಊಟ, ‘ಕ್ಯೂಶೊಕು’, ಅರ್ಥವಾಗುವುದು ಸುಲಭ. ಅಲ್ಲಿ ಅದಕ್ಕೆ 1954ರ ಕಾಯಿದೆಯೇ ಇದೆ. ಬಿಳಿ ಅಂಗಿ, ಟೊಪ್ಪಿಗೆ, ಮಾಸ್ಕ್ ತೊಟ್ಟ ಮಕ್ಕಳೇ ಸರದಿಯ ಮೇಲೆ ಪಾತ್ರೆಗಳನ್ನು ತಂದು ತಮ್ಮ ತರಗತಿಯಲ್ಲಿಯೇ ಬಡಿಸುತ್ತಾರೆ. ಎಲ್ಲರ ತಟ್ಟೆ ತುಂಬಿ ‘ಇತದಕಿಮಸ್’ ಹೇಳುವವರೆಗೆ ಯಾರೂ ತುತ್ತು ಎತ್ತುವುದಿಲ್ಲ. 200 ಮಿಲಿಲೀಟರ್ ಹಾಲು ದಿನವೂ ಇರುತ್ತದೆ.

ಸಸ್ಯಾಹಾರಿಗಳು ಇಲ್ಲಿ ಎಚ್ಚರವಾಗಿರಬೇಕು. ಬರಿ ಸೊಪ್ಪು, ತೋಫು ಕಾಣುವ ಸಾರಿನಲ್ಲಿಯೂ ‘ದಶಿ’ ಎಂಬ ಒಣಮೀನಿನ ರಸ ಸಾಮಾನ್ಯವಾಗಿ ಇರುತ್ತದೆ, ಕರ್ರಿಯಲ್ಲಿ ಹಂದಿ ಅಥವಾ ದನದ ಮಾಂಸವಿರುತ್ತದೆ. ‘ಮಾಂಸ ತಿನ್ನುವುದಿಲ್ಲ’ ಎಂದಷ್ಟೇ ಹೇಳಿದರೆ ಮೀನು ಬಡಿಸುತ್ತಾರೆ. ಕೆಲಸಕ್ಕೆ ಸೇರುವ ಮೊದಲೇ ಮಾಂಸ, ಮೀನು, ಮೊಟ್ಟೆ, ದಶಿ ಎಂದು ಒಂದೊಂದನ್ನೂ ಹೆಸರಿಸಿ ಬರೆದುಕೊಟ್ಟು, ಮನೆಯಿಂದ ಬುತ್ತಿ ತರಲು ಅನುಮತಿ ಪಡೆಯಿರಿ. ಆದರೆ ಊಟಕ್ಕೆ ಮಕ್ಕಳ ನಡುವೆಯೇ ಕುಳಿತುಕೊಳ್ಳಿ. ತರಗತಿಯಲ್ಲಿ ಬಾಯಿ ಬಿಡದ ಹುಡುಗ ನಿಮ್ಮ ಬುತ್ತಿಯೊಳಗೆ ಇಣುಕಿ ‘ವಾಟ್ಸ್ ದಿಸ್?’ ಎಂದು ಕೇಳುವುದು ಅಲ್ಲಿಯೇ. ಜೋಳಕ್ಕೆ ಅಲ್ಲಿ ‘ತಕಕಿಬಿ’ ಎನ್ನುತ್ತಾರೆ, ಆದರೆ ಸಿಗುವ ಕೆಂಪು ಕಾಳಿನಿಂದ ನಮ್ಮ ರೊಟ್ಟಿ ಬಡಿಯಲು ಬರಲಿಲ್ಲ. ತೊಗರಿಬೇಳೆ ಟೋಕಿಯೋದ ನಿಶಿಕಸಾಯಿ ಕಡೆಯ ಭಾರತೀಯ ಅಂಗಡಿಗಳಲ್ಲಿಯೂ ಆನ್‌ಲೈನಿನಲ್ಲಿಯೂ ದೊರೆಯುತ್ತದೆ, ಕಲಬುರಗಿ ತೊಗರಿಯ ರುಚಿಯನ್ನು ಮಾತ್ರ ಕೇಳಬೇಡಿ.

ಊಟದ ಆಸುಪಾಸಿನಲ್ಲಿ ಹದಿನೈದು ನಿಮಿಷ ಶಾಲೆಯನ್ನು ಮಕ್ಕಳೇ ಗುಡಿಸಿ ಒರೆಸುತ್ತಾರೆ. ನೀವೂ ಒದ್ದೆಬಟ್ಟೆ ಹಿಡಿಯಿರಿ. ‘ಡಸ್ಟ್‌ಪ್ಯಾನ್’, ‘ಬಕೆಟ್’ ಪದಗಳನ್ನು ಕಾರ್ಡಿಲ್ಲದೆ ಕಲಿಸಬಹುದು.

ಹುಟ್ಟುಹಬ್ಬಕ್ಕೆ ಇಡೀ ತರಗತಿಗೆ ಚಾಕೊಲೇಟ್ ಹಂಚುವ ನಮ್ಮ ರೂಢಿಯನ್ನು ಇಲ್ಲಿಯೇ ಬಿಟ್ಟುಹೋಗಿ. ಮಕ್ಕಳ ಅಲರ್ಜಿಗಳ ಬಗ್ಗೆ ಶಾಲೆಗಳು ಕಟ್ಟುನಿಟ್ಟಾಗಿರುತ್ತವೆ, ತಿನ್ನುವ ಯಾವುದನ್ನೂ ಕೊಡಬಾರದು, ಸ್ಟಿಕರ್ ಕೊಡಿ. ಊರಿನಿಂದ ಮರಳುವಾಗ ಸಿಬ್ಬಂದಿ ಕೊಠಡಿಗೆ ಸಿಹಿ ತರುವುದು ಒಳ್ಳೆಯ ರೂಢಿ, ಆದರೆ ಒಂದೊಂದೂ ಪ್ರತ್ಯೇಕ ಪೊಟ್ಟಣದಲ್ಲಿರಲಿ, ಶೇಂಗಾ ಇದ್ದರೆ ಮೇಲೆ ಬರೆದಿರಲಿ. ಮಕ್ಕಳ ಫೋಟೊ ತೆಗೆದು ವಾಟ್ಸ್ಯಾಪ್ ಸ್ಟೇಟಸ್‌ಗೆ ಹಾಕಿದರೆ ಕೆಲಸವೇ ಹೋಗಬಹುದು.

ಭೂಕಂಪದ ಕವಾಯತು ವರ್ಷದಲ್ಲಿ ಹಲವು ಸಲ ನಡೆಯುತ್ತದೆ. 1923ರ ಕಾಂತೋ ಭೂಕಂಪದ ನೆನಪಿನ ಸೆಪ್ಟೆಂಬರ್ 1ರಂದು ವಿಶೇಷವಾಗಿ. 1993ರ ಕಿಲ್ಲಾರಿ ಭೂಕಂಪದ ರಾತ್ರಿಯನ್ನು ಆಳಂದ, ಬಸವಕಲ್ಯಾಣ ಕಡೆಯ ಹಿರಿಯರು ಇಂದಿಗೂ ನೆನೆಯುತ್ತಾರೆ, ಆದರೂ ಮೇಜಿನ ಕೆಳಗೆ ನುಸುಳಿ ಕಾಲು ಹಿಡಿದುಕೊಳ್ಳುವುದನ್ನು ನಾನು ಕಲಿತದ್ದು ಎರಡನೆಯ ತರಗತಿಯ ಮಕ್ಕಳಿಂದ. ಚಳಿಗಾಲದ ಬಗ್ಗೆ ಒಂದೇ ಮಾತು: 42 ಡಿಗ್ರಿಯ ಬಿಸಿಲಿನಲ್ಲಿ ಬೆಳೆದ ಮೈಗೆ ಕಲಬುರಗಿಯ ಸ್ವೆಟರ್ ಸಾಲುವುದಿಲ್ಲ, ಅಲ್ಲಿಯೇ ಕೊಳ್ಳಿರಿ, ಶಾಲೆಯಲ್ಲಿ ಚಿಮಣಿ ಎಣ್ಣೆಯ ಒಲೆ ತರಗತಿಯಲ್ಲಿರುತ್ತದೆ, ಪಡಸಾಲೆಯಲ್ಲಿ ಇರುವುದಿಲ್ಲ.

ಮಾರ್ಚ್ ತಿಂಗಳ ಕೆಲಸ

ಜಪಾನಿನ ಸರ್ಕಾರಿ ಶಾಲೆಗಳಲ್ಲಿ ಶಿಕ್ಷಕರ ವರ್ಗಾವಣೆ ಪ್ರತಿ ವಸಂತದಲ್ಲಿ ನಡೆಯುತ್ತದೆ, ಯಾರು ಹೋಗುತ್ತಾರೆಂಬುದು ಮಾರ್ಚ್ ಕೊನೆಗೆ ತಿಳಿಯುತ್ತದೆ. ಒಂದು ವರ್ಷ ಕಷ್ಟಪಟ್ಟು ಜೊತೆ ಹೊಂದಿಸಿಕೊಂಡ ತರಗತಿ ಶಿಕ್ಷಕರು ಏಪ್ರಿಲ್‌ನಲ್ಲಿ ಬೇರೆ ಊರಿನಲ್ಲಿರಬಹುದು, ನೀವೂ ಬೇರೆ ಶಾಲೆಗೆ ಹೋಗಬೇಕಾಗಬಹುದು. ಆದ್ದರಿಂದ ಮಾರ್ಚ್ ಎರಡನೆಯ ವಾರದಲ್ಲಿಯೇ ಪ್ರತಿ ತರಗತಿಗೆ ಒಂದೊಂದು ಹಾಳೆ ಬರೆದಿಡಿ: ಪಠ್ಯ ಎಲ್ಲಿಗೆ ನಿಂತಿದೆ, ಯಾವ ಆಟ ಆಡಿ ಆಡಿ ಹಳತಾಗಿದೆ, ಯಾವ ಹಾಡನ್ನು ಮಕ್ಕಳು ತಾವಾಗಿ ಕೇಳುತ್ತಾರೆ, ಯಾರನ್ನು ಒಬ್ಬರೇ ನಿಲ್ಲಿಸಿ ಕೇಳಬಾರದು, ಕಾರ್ಡುಗಳು ಯಾವ ಕಪಾಟಿನ ಯಾವ ಗೂಡಿನಲ್ಲಿವೆ. ಅರ್ಧ ಇಂಗ್ಲಿಷಿನಲ್ಲಿ, ಅರ್ಧ ಜಪಾನಿಯಲ್ಲಿ ಬರೆದು ಎರಡು ಪ್ರತಿ ಮಾಡಿ, ಒಂದನ್ನು ಕ್ಯೋತೋ ಸೆನ್ಸೇಗೆ ಕೊಟ್ಟು ಇನ್ನೊಂದನ್ನು ಇಂಗ್ಲಿಷ್ ಕಾರ್ಡುಗಳ ಪೆಟ್ಟಿಗೆಯೊಳಗೆ ಎಲ್ಲಕ್ಕಿಂತ ಮೇಲೆ ಇಡಿ. ನನಗೆ ಹಿಂದಿನವರು ಅಂಥ ಹಾಳೆ ಬಿಟ್ಟುಹೋಗಿರಲಿಲ್ಲ. ಪೆಟ್ಟಿಗೆಯ ಬೀಗದಕೈ ಹೂಕುಂಡದ ಕೆಳಗಿದೆಯೆಂದು ತಿಳಿಯಲು ನನಗೆ ಜೂನ್‌ವರೆಗೆ ಬೇಕಾಯಿತು.